ಉಪ್ಪಿಲ್ಲ, ಸೂರಿಲ್ಲ, ಮೀನು ಕೆಡಲ್ವಾ?

ಪ್ರಶ್ನೆ: ನಾರ್ವೆಯ ಲೊಫೋಟೆನ್ ದ್ವೀಪಗಳ ಎರಡು ಫೋಟೋ ನೋಡಿದೆ. ಒಂದರಲ್ಲಿ ಕಡಲ ಪಕ್ಕ ಮರದ ಗಳಗಳ ದೊಡ್ಡ ಚಪ್ಪರ, ಅದರ ತುಂಬಾ ಮೀನು. ಬೇಸಿಗೆಯ ಇನ್ನೊಂದು ಫೋಟೋದಲ್ಲಿ ಅದೇ ಚಪ್ಪರ ಖಾಲಿ. ಮೇಲೆ ಸೂರಿಲ್ಲದೆ ಮೀನು ಕೊಳೆಯಲ್ವಾ? ಖಾಲಿ ಅಂದರೆ ಈಗ ಯಾರೂ ಬಳಸುತ್ತಿಲ್ಲವೇ?

ಉತ್ತರ: ಈಗಲೂ ಬಳಸುತ್ತಾರೆ. ಬೇಸಿಗೆಯಲ್ಲಿ ಅಲ್ಲಿ ಕೆಲಸ ಮುಗಿದಿರುತ್ತದೆ, ಅಷ್ಟೇ.

ಅಲ್ಲಿನವರು ಈ ಚಪ್ಪರಕ್ಕೆ 'ಯೆಲ್' ಅಂತಾರೆ. ಜನವರಿಯಿಂದ ಏಪ್ರಿಲ್‌ವರೆಗೆ ಇನ್ನೂ ಉತ್ತರದ ಬ್ಯಾರೆಂಟ್ಸ್ ಸಮುದ್ರದಿಂದ ಕಾಡ್ (cod) ಎಂಬ ಮೀನು ಮೊಟ್ಟೆ ಇಡಲು ಲೊಫೋಟೆನ್ ಕಡೆ ಬರುತ್ತದೆ. ಹಿಡಿದ ಮೀನಿನ ತಲೆ ತೆಗೆದು, ಹೊಟ್ಟೆ ಶುಚಿ ಮಾಡಿ, ಎರಡೆರಡನ್ನು ಬಾಲದ ಹತ್ತಿರ ದಾರದಿಂದ ಜೋಡಿ ಕಟ್ಟಿ, ಗಳದ ಆಚೆಗೊಂದು ಈಚೆಗೊಂದು ಬರುವ ಹಾಗೆ ನೇತುಹಾಕುತ್ತಾರೆ. ಒಂದಕ್ಕೊಂದು ಅಂಟಿಕೊಳ್ಳಬಾರದು. ಅಂಟಿದ ಕಡೆ ಗಾಳಿಯಾಡುವುದಿಲ್ಲ, ಅಲ್ಲೇ ಕೆಡಲು ಶುರು.

ಇನ್ನು ಕೊಳೆಯುವ ಪ್ರಶ್ನೆ. ಅಲ್ಲಿ ಉಪ್ಪಿನ ಕೆಲಸವನ್ನು ಚಳಿಯೇ ಮಾಡುತ್ತದೆ. ಆರ್ಕ್ಟಿಕ್ ವೃತ್ತದಿಂದ ಮೇಲಿದ್ದರೂ ಬೆಚ್ಚನೆಯ ಸಾಗರ ಪ್ರವಾಹದ ದೆಸೆಯಿಂದ ಅಲ್ಲಿ ಚಳಿ ಅತಿಯಾಗುವುದಿಲ್ಲ, ಉಷ್ಣಾಂಶ 0 ಡಿಗ್ರಿ ಆಸುಪಾಸಿನಲ್ಲೇ ಓಡಾಡುತ್ತದೆ. ಮೀನು ಒಣಗಿಸಲು ಬೇಕಾದದ್ದು ಸರಿಯಾಗಿ ಇದೇ ಹವೆ. ಚಳಿ ಇನ್ನೂ ಜಾಸ್ತಿಯಾದರೆ ಮಾಂಸದೊಳಗಿನ ನೀರು ಮಂಜುಗಟ್ಟಿ ಎಳೆಗಳು ಹರಿದುಹೋಗುತ್ತವೆ, ಸೆಖೆಯಾದರೆ ನೊಣ ಮುತ್ತುತ್ತವೆ. ಈ ಹದವಾದ ಚಳಿಯಲ್ಲಿ ಸ್ವಲ್ಪ ಮಳೆ, ಹಿಮ ಬಿದ್ದರೆ ದೊಡ್ಡ ತೊಂದರೆಯಿಲ್ಲ, ಗಾಳಿ ಮಾತ್ರ ಬೀಸುತ್ತಿರಬೇಕು. ಸೂರು ಯಾಕಿಲ್ಲ ಅನ್ನುವುದು ಗೊತ್ತಾಯಿತಲ್ವಾ?

ಜೂನ್ ಹೊತ್ತಿಗೆ ನೀರೆಲ್ಲ ಆರಿ ಮೀನು ಕಟ್ಟಿಗೆಯಂತಾಗಿರುತ್ತದೆ. ಆಗ ಇಳಿಸಿ ಒಳಗಿಡುತ್ತಾರೆ. ಆಮೇಲೆ ಪಳಗಿದವರು ಒಂದೊಂದನ್ನೂ ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ, ಮೂಸಿ ದರ್ಜೆ ಹೇಳುತ್ತಾರೆ. ಈ ಚಪ್ಪರದಷ್ಟೇ ಹಳೆಯ ಸಂಪತ್ತು ಆ ಮೂಗಿನ ಅಂದಾಜು ಕೂಡ, ನನಗೆ ಹಾಗನ್ನಿಸುತ್ತದೆ.

ಇದು ಎಷ್ಟು ಹಳೆಯದು ಗೊತ್ತಾ? ಹಡಗು ಹಾಳಾಗಿ 1432ರಲ್ಲಿ ಲೊಫೋಟೆನ್‌ನ ರೋಸ್ಟ್ ದ್ವೀಪ ಸೇರಿದ ವೆನಿಸ್‌ನ ವ್ಯಾಪಾರಿ ಪಿಯೆತ್ರೋ ಕ್ವೆರೀನಿ, ಇಲ್ಲಿನವರು ಉಪ್ಪು ಹಾಕದೆ ಗಾಳಿ ಬಿಸಿಲಿಗೇ ಮೀನು ಒಣಗಿಸುತ್ತಾರೆ, ಅದು ಮರದಷ್ಟು ಗಟ್ಟಿಯಾಗುತ್ತದೆ ಎಂದು ಬರೆದಿಟ್ಟ. ಅದಕ್ಕೂ ನೂರಾರು ವರ್ಷ ಮೊದಲೇ ಈ ಒಣಮೀನು ಬರ್ಗೆನ್ ಬಂದರಿನ ಮೂಲಕ ಯುರೋಪಿಗೆ ಹೋಗುತ್ತಿತ್ತು. ಈಗಲೂ ಹೆಚ್ಚಿನದು ಇಟಲಿಗೆ. ತಲೆಗಳನ್ನೂ ಎಸೆಯುವುದಿಲ್ಲ, ಬೇರೆಯಾಗಿ ಒಣಗಿಸಿ ನೈಜೀರಿಯಾಕ್ಕೆ ಕಳಿಸುತ್ತಾರೆ, ಅಲ್ಲಿ ಸಾರಿಗೆ ಹಾಕುತ್ತಾರೆ.

ಹೋಗುವ ಆಸೆಯಿದ್ದರೆ ಏಪ್ರಿಲ್‌ನಲ್ಲಿ ಹೋಗಿ, ಚಪ್ಪರ ತುಂಬಿರುತ್ತದೆ. 'ಓ' ಎಂಬ ಒಂದೇ ಅಕ್ಷರದ ಹೆಸರಿನ ಹಳ್ಳಿಯಲ್ಲಿ ಒಣಮೀನಿನ ಮ್ಯೂಸಿಯಂ ಕೂಡ ಇದೆ.