ಎಂಟು ವರ್ಷದ ಅನುಭವ ಕೊನೆಯ ಸಾಲಿನಲ್ಲೇಕೆ?

ಧಾರವಾಡದ ಓದುಗರೊಬ್ಬರ ಪತ್ರ: "ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ್ದೇನೆ. ಬ್ರಿಟನ್ನಿನ ಅರವತ್ತು ಪ್ರೊಫೆಸರರಿಗೆ ಬಯೋಡೇಟಾ ಕಳಿಸಿದೆ. ಇಬ್ಬರು ಮಾತ್ರ ಉತ್ತರ ಬರೆದರು, ಕೆಲಸ ಇಲ್ಲ ಅಂತ. ದುಡ್ಡು ಕೊಟ್ಟರೆ ಅಲ್ಲಿ ಟೆಕ್ನಿಷಿಯನ್ ಕೆಲಸ ಕೊಡಿಸುತ್ತೇನೆ ಎಂದು ಏಜೆಂಟರೊಬ್ಬರು ಹೇಳುತ್ತಿದ್ದಾರೆ. ಸದ್ಯ ಕಾಲೇಜೊಂದರಲ್ಲಿ ಎಂಟು ವರ್ಷದಿಂದ ಎಕ್ಸ್-ರೇ ಡಿಫ್ರಾಕ್ಷನ್ (ಹರಳುಗಳ ಒಳರಚನೆ ಅಳೆಯುವ) ಯಂತ್ರ ನೋಡಿಕೊಳ್ಳುತ್ತಿದ್ದೇನೆ."

ಮೊದಲು ಏಜೆಂಟರ ಮಾತು. ಒಂದು ರೂಪಾಯಿಯನ್ನೂ ಕೊಡಬೇಡಿ. ಅಲ್ಲಿನ ವಿಶ್ವವಿದ್ಯಾಲಯಗಳು ಹುದ್ದೆಗಳನ್ನು ಬಹಿರಂಗವಾಗಿ ಪ್ರಕಟಿಸುತ್ತವೆ, ಅರ್ಜಿ ಹಾಕಲು ಶುಲ್ಕವಿಲ್ಲ. ಜಾಬ್ಸ್ ಡಾಟ್ ಎಸಿ ಡಾಟ್ ಯುಕೆ ನೋಡಿ. ವಾರಿಕ್ ವಿಶ್ವವಿದ್ಯಾಲಯ 1998ರಿಂದ ನಡೆಸುತ್ತಿರುವ ತಾಣ ಅದು. ಬಹಳಷ್ಟು ಸಂಶೋಧನಾ ಹುದ್ದೆಗಳು, ತಾಂತ್ರಿಕ ಹುದ್ದೆಗಳು ಅಲ್ಲೇ ಸಿಗುತ್ತವೆ.

ನಿಮ್ಮ ಬಯೋಡೇಟಾ ಓದಿ ನನಗೆ ಬೇಸರವಾಯಿತು. ಎಸ್ಸೆಸ್ಸೆಲ್ಸಿ ಅಂಕ, ತಂದೆಯ ಹೆಸರು, ಹುಟ್ಟಿದ ದಿನಾಂಕ, ಫೋಟೋ ಎಲ್ಲ ಇದೆ. ಎಂಟು ವರ್ಷ ಯಂತ್ರ ನಡೆಸಿದ್ದು ಮಾತ್ರ ಕೊನೆಯ ಒಂದು ಸಾಲು. ಅಲ್ಲಿ ಇದರ ಲೆಕ್ಕ ಪೂರ್ತಿ ಉಲ್ಟಾ. ಪ್ರತಿ ಹುದ್ದೆಯ ಜೊತೆ 'ಪರ್ಸನ್ ಸ್ಪೆಸಿಫಿಕೇಶನ್' ಎಂಬ ಹಾಳೆ ಇರುತ್ತದೆ. ಕಡ್ಡಾಯವಾಗಿ ಬೇಕಾದದ್ದು ಯಾವುದು, ಇದ್ದರೆ ಒಳ್ಳೆಯದು ಯಾವುದು ಅಂತ ಅದರಲ್ಲಿ ಬರೆದಿರುತ್ತಾರೆ. ಆಯ್ಕೆ ಸಮಿತಿಯವರು ಆ ಹಾಳೆ ಮುಂದಿಟ್ಟುಕೊಂಡೇ ನಿಮ್ಮ ಅರ್ಜಿ ಓದುತ್ತಾರೆ. ಒಂದೊಂದು ಅಂಶಕ್ಕೂ ನಿಮ್ಮ ಕೆಲಸದಿಂದಲೇ ಒಂದು ಉದಾಹರಣೆ ಕೊಡಿ. "ಯಂತ್ರ ನಿರ್ವಹಣೆ ಗೊತ್ತು" ಎಂದರೆ ಸಾಲದು. ಅಲೈನ್‌ಮೆಂಟ್ (ಯಂತ್ರದ ಭಾಗಗಳ ಸರಿಯಾದ ಜೋಡಣೆ) ತಪ್ಪಿದಾಗ ಹೇಗೆ ಕಂಡುಹಿಡಿದಿರಿ, ಎಷ್ಟು ವಿದ್ಯಾರ್ಥಿಗಳಿಗೆ ಸ್ಯಾಂಪಲ್ ತಯಾರಿಸಲು ಕಲಿಸಿದಿರಿ, ವಿಕಿರಣ ಸುರಕ್ಷತೆ ಹೇಗೆ ನೋಡಿಕೊಂಡಿರಿ, ಅದನ್ನು ಬರೆಯಿರಿ. ಒಂದೇ ಅರ್ಜಿಯನ್ನು ಅರವತ್ತು ಕಡೆ ಕಳಿಸುವ ಬದಲು ಆರು ಹುದ್ದೆಗಳಿಗೆ ಆರು ಬೇರೆ ಅರ್ಜಿ ಬರೆಯಿರಿ. ಜಾಹೀರಾತಿನಲ್ಲಿ ವಿಚಾರಿಸಲು ಯಾರದಾದರೂ ಹೆಸರಿದ್ದರೆ ಸಂಕೋಚ ಬೇಡ, ಬರೆದು ಕೇಳಿ. ಕೇಳಲೆಂದೇ ಹೆಸರು ಕೊಟ್ಟಿರುತ್ತಾರೆ, ಅಲ್ವಾ?

ಹುದ್ದೆಯ ಹೆಸರನ್ನೂ ನೋಡಿ. 'ರಿಸರ್ಚ್ ಅಸೋಸಿಯೇಟ್' ಎಂದರೆ ಸಾಮಾನ್ಯವಾಗಿ ಪಿಎಚ್‌.ಡಿ. ಕೇಳುತ್ತಾರೆ. 'ರಿಸರ್ಚ್ ಅಸಿಸ್ಟೆಂಟ್' ಹುದ್ದೆಗೆ ಎಷ್ಟೋ ಕಡೆ ಅದಿಲ್ಲದೆಯೂ ನಡೆಯುತ್ತದೆ. ನಿಮ್ಮಂಥವರಿಗೆ ಹೆಚ್ಚು ಹೊಂದುವುದು 'ಎಕ್ಸ್‌ಪೆರಿಮೆಂಟಲ್ ಆಫೀಸರ್' ತರಹದ ಹುದ್ದೆಗಳು, ದೊಡ್ಡ ಉಪಕರಣಗಳ ಹೊಣೆ ಹೊರುವಂಥವು.

ಕಷ್ಟದ ವಿಷಯವನ್ನೂ ಹೇಳಲೇಬೇಕು. 2025ರ ಜುಲೈ 22ರಿಂದ ಸ್ಕಿಲ್ಡ್ ವರ್ಕರ್ ವೀಸಾಗೆ (ಕೆಲಸ ಕೊಡುವವರ ಪ್ರಾಯೋಜನೆಯಲ್ಲಿ ಬ್ರಿಟನ್ನಿನಲ್ಲಿ ದುಡಿಯಲು ಸಿಗುವ ವೀಸಾ) ಹುದ್ದೆ ಸಾಮಾನ್ಯವಾಗಿ ಪದವಿ ಮಟ್ಟದ್ದಾಗಿರಬೇಕು, ಕನಿಷ್ಠ ಸಂಬಳದ ಮಿತಿಯೂ ಏರಿದೆ. ಹಾಗಾಗಿ ಕೆಳಹಂತದ ಟೆಕ್ನಿಷಿಯನ್ ಕೆಲಸಕ್ಕೆ ಹೊರದೇಶದಿಂದ ಹೋಗುವುದು ಬಹಳ ಕಷ್ಟ. ಏಜೆಂಟರು ಇದನ್ನು ಹೇಳಿರಲಿಕ್ಕಿಲ್ಲ. ಅರ್ಜಿ ಬರೆಯಲು ಕೂರುವ ಮುಂಚೆ "ಈ ಹುದ್ದೆಗೆ ವೀಸಾ ಪ್ರಾಯೋಜನೆ ಉಂಟೇ?" ಎಂದು ಮಾನವ ಸಂಪನ್ಮೂಲ ವಿಭಾಗಕ್ಕೆ ಒಂದು ಸಾಲು ಬರೆದು ಕೇಳಿ. ವೀಸಾ ಶುಲ್ಕದ ಜೊತೆಗೆ ಆರೋಗ್ಯ ಶುಲ್ಕ ವರ್ಷಕ್ಕೆ 1,035 ಪೌಂಡ್, ವೀಸಾ ಇರುವ ಅಷ್ಟೂ ವರ್ಷದ್ದನ್ನು ಮೊದಲೇ ಕಟ್ಟಬೇಕು. ಕೆಲವು ವಿಶ್ವವಿದ್ಯಾಲಯಗಳು ಇದನ್ನು ಮರಳಿಸುತ್ತವೆ, ಅದನ್ನೂ ಕೇಳಿಕೊಳ್ಳಿ. ಕೆಲವು ವಿಷಯಗಳ ಸಂಶೋಧನೆಗೆ ಭಾರತೀಯರು ಬ್ರಿಟನ್ ಸರ್ಕಾರದ ಏಟಾಸ್ (ATAS) ಎಂಬ ಅನುಮತಿ ಪಡೆಯಬೇಕು. ಅದಕ್ಕೆ ಶುಲ್ಕವಿಲ್ಲ, ಆದರೆ ವಾರಗಟ್ಟಲೆ ಹಿಡಿಯುತ್ತದೆ.

ಈಗಿರುವ ಕೆಲಸ ಬಿಡಬೇಡಿ. ಹುದ್ದೆಯೊಂದನ್ನು ಆರಿಸಿ, ಅದರ ಹಾಳೆ ಮುಂದಿಟ್ಟುಕೊಂಡು ಅರ್ಜಿ ಬರೆದು ನಮಗೂ ಒಂದು ಪ್ರತಿ ಕಳಿಸಿ. ಓದಿ, ತಿದ್ದಿ ಕಳಿಸುತ್ತೇನೆ.

— ಸಂಪಾದಕ