ಹೊರಗಿನ ಹಣ ಊರಿನ ಲೆಕ್ಕವನ್ನು ಸರಿಪಡಿಸಬಲ್ಲದೇ?

ಪ್ರಶ್ನೆ: ನಾನು ಜಮಖಂಡಿ ತಾಲ್ಲೂಕಿನ ನಿವೃತ್ತ ಶಿಕ್ಷಕ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ವಿಶ್ವಬ್ಯಾಂಕ್ ನೆರವಿನ ಜಲನಿರ್ಮಲ ಯೋಜನೆಯಲ್ಲಿ ನಮ್ಮೂರಿಗೆ ನೀರಿನ ಟಾಕಿ ಬಂದಾಗ, ಊರವರೆಲ್ಲ ವಂತಿಗೆ ಕೂಡಿಸಿದ್ದೆವು. ಕೆಎಎಸ್ ಪರೀಕ್ಷೆಗೆ ಓದುತ್ತಿರುವ ಮಗಳು ಈಗ, ಭ್ರಷ್ಟಾಚಾರ ತಡೆಯಲೂ ವಿದೇಶಿ ನೆರವು ಬರುತ್ತದೆ ಎನ್ನುತ್ತಾಳೆ. ಟಾಕಿಗೆ ಹಣ ಕೊಡುವುದು ತಿಳಿಯುತ್ತದೆ. ಪ್ರಾಮಾಣಿಕತೆಗೆ ಹಣ ಕೊಡುವುದು ಹೇಗೆ? ಆ ಹಣವನ್ನೇ ತಿಂದರೆ ಕೇಳುವವರು ಯಾರು?

ಉತ್ತರ: ಗುರುಗಳೇ, ಮೊದಲು ಒಂದು ಮಾತು ಸ್ಪಷ್ಟವಾಗಲಿ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಸೇರಿ ಉತ್ತರದ ಹನ್ನೊಂದು ಜಿಲ್ಲೆಗಳಲ್ಲಿ ನಡೆದ ಜಲನಿರ್ಮಲಕ್ಕೆ ವಿಶ್ವಬ್ಯಾಂಕಿನಿಂದ ಬಂದದ್ದು ಸರ್ಕಾರ ತೀರಿಸಬೇಕಾದ ಸಾಲ. ಆದ್ದರಿಂದ ಅದರ ಲೆಕ್ಕ ಕೇಳುವ ಹಕ್ಕು ಸಾಲ ಕೊಟ್ಟವರಿಗಿಂತ ವಂತಿಗೆ ಕೊಟ್ಟ ನಿಮಗೇ ಹೆಚ್ಚು.

ಮಗಳು ಹೇಳಿದ್ದೂ ನಿಜ. ಸಾಲ ಪಡೆದ ದೇಶದ ರಾಜಕೀಯಕ್ಕೆ ಕೈಹಾಕಬಾರದೆಂಬ ತನ್ನ ನಿಯಮವನ್ನು ಮುಂದಿಟ್ಟುಕೊಂಡು ವಿಶ್ವಬ್ಯಾಂಕ್ ಬಹುಕಾಲ ಈ ವಿಷಯದ ಸುತ್ತ ಮೌನವಾಗಿತ್ತು. 1996ರಲ್ಲಿ ಅದರ ಅಧ್ಯಕ್ಷ ಜೇಮ್ಸ್ ವೂಲ್ಫೆನ್‌ಸನ್ ಭ್ರಷ್ಟಾಚಾರವನ್ನು ಕ್ಯಾನ್ಸರ್ ಎಂದು ಕರೆದ ಮೇಲೆ ಮಾತು ಬಹಿರಂಗವಾಯಿತು. 2003ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ, 2011ರಲ್ಲಿ ಭಾರತ ಅನುಮೋದಿಸಿದ ಭ್ರಷ್ಟಾಚಾರ ವಿರೋಧಿ ಒಡಂಬಡಿಕೆಯಲ್ಲಿ ತಾಂತ್ರಿಕ ನೆರವಿಗೆಂದೇ ಒಂದು ಅಧ್ಯಾಯವಿದೆ. ಪ್ರಾಮಾಣಿಕತೆಯನ್ನು ಯಾರೂ ಕೊಳ್ಳಲಾರರು. ಆ ನೆರವಿನಿಂದ ದೊರೆಯುವುದು ಲೆಕ್ಕ ತಪಾಸಣೆಗಾರರ ತರಬೇತಿ, ಖರೀದಿ ಮತ್ತು ಟೆಂಡರ್ ಪದ್ಧತಿಯ ಸುಧಾರಣೆ, ತನಿಖೆಯ ಕೌಶಲ ಮುಂತಾದವು.

ಇದರಿಂದ ಫಲವುಂಟೇ ಎಂಬುದಕ್ಕೆ ನನಗೆ ಇಂಡೊನೇಷ್ಯಾದ ಪ್ರಯೋಗವೇ ಎಲ್ಲಕ್ಕಿಂತ ಹೆಚ್ಚು ಕಲಿಸಿದೆ. ವಿಶ್ವಬ್ಯಾಂಕ್ ಸಾಲದ ಗ್ರಾಮೀಣ ಯೋಜನೆಯಲ್ಲಿ ರಸ್ತೆ ಮಾಡುತ್ತಿದ್ದ 608 ಹಳ್ಳಿಗಳನ್ನು ಆರಿಸಿಕೊಂಡು, ಕೆಲವೆಡೆ ಸರ್ಕಾರಿ ತಪಾಸಣೆ ಖಂಡಿತ ನಡೆಯುತ್ತದೆಂದು ಮೊದಲೇ ತಿಳಿಸಲಾಯಿತು. ಇನ್ನು ಕೆಲವೆಡೆ ಲೆಕ್ಕ ಒಪ್ಪಿಸುವ ಸಭೆಗೆ ಜನರನ್ನು ಮನೆಮನೆಗೆ ಆಮಂತ್ರಣ ಕಳಿಸಿ ಕರೆಯಲಾಯಿತು. ಬಳಿಕ ಎಂಜಿನಿಯರರು ರಸ್ತೆಗಳನ್ನು ಅಗೆದು, ನಿಜವಾಗಿ ಬಿದ್ದ ಕಲ್ಲು, ಮರಳು, ಜಲ್ಲಿಯನ್ನು ಅಳೆದರು. ತಪಾಸಣೆ ಖಚಿತವಿದ್ದಲ್ಲಿ, ಲೆಕ್ಕಕ್ಕೂ ಅಳತೆಗೂ ನಡುವೆ ಕಾಣೆಯಾಗುತ್ತಿದ್ದ ಹಣದ ಪಾಲು ಸುಮಾರು 8 ಶೇಕಡಾ ಅಂಶಗಳಷ್ಟು ಇಳಿಯಿತು. ಸಭೆಗೆ ಜನ ಹೆಚ್ಚಾದಲ್ಲಿ ಕೂಲಿಯ ಹಣ ಸೋರುವುದು ತಗ್ಗಿತಾದರೂ ಸಾಮಗ್ರಿಯ ಸೋರಿಕೆ ಹೆಚ್ಚುಕಡಿಮೆ ಹಾಗೆಯೇ ಉಳಿಯಿತು. ತನ್ನ ಕೂಲಿ ಕಡಿಮೆ ಬಂದದ್ದು ಯಾರಿಗಾದರೂ ತಿಳಿಯುತ್ತದೆ, ಎಷ್ಟು ಗಾಡಿ ಜಲ್ಲಿ ಬಿದ್ದಿತೆಂಬುದು ತಿಳಿಯುವುದಿಲ್ಲ. ಇದು ನಮ್ಮ ಗ್ರಾಮಸಭೆಗಳನ್ನು ನೋಡಿದವರಿಗೆ ಹೊಸದೇನಲ್ಲ. ತಪಾಸಣೆ ಬಿಗಿಯಾದ ಹಳ್ಳಿಗಳಲ್ಲಿ ಯೋಜನೆಯ ಮುಖಂಡರ ಬಂಧುಗಳಿಗೇ ಹೆಚ್ಚು ಕೆಲಸ ಸಿಕ್ಕಿತೆಂಬುದನ್ನೂ ಮರೆಯಬಾರದು. ಒಂದು ಬಾಗಿಲು ಮುಚ್ಚಿದರೆ ಕಿಂಡಿ ಹುಡುಕುವವರು ಎಲ್ಲ ದೇಶದಲ್ಲೂ ಇದ್ದಾರೆ.

ಹೊರಗಿನವರು ತನಿಖೆಗೇ ಇಳಿದರೆ ಏನಾಗುತ್ತದೆಂಬುದನ್ನು ಗ್ವಾಟೆಮಾಲಾ ತೋರಿಸಿತು. ವಿಶ್ವಸಂಸ್ಥೆಯ ಬೆಂಬಲದ ಆಯೋಗವೊಂದು 2007ರಿಂದ ಅಲ್ಲಿನ ಸರ್ಕಾರಿ ವಕೀಲರೊಡನೆ ದುಡಿದು, ಸೀಮಾಸುಂಕದ ಲಂಚದ ಜಾಲವನ್ನು ಬಯಲಿಗೆಳೆದಾಗ, 2015ರಲ್ಲಿ ಅಧ್ಯಕ್ಷರೇ ರಾಜೀನಾಮೆ ಕೊಡಬೇಕಾಯಿತು. ನಂತರ ಬಂದ ಅಧ್ಯಕ್ಷರ ಕಡೆಗೂ ತನಿಖೆ ತಿರುಗಿದ ಮೇಲೆ ಅವರು ಆಯೋಗದ ಅವಧಿಯನ್ನು ವಿಸ್ತರಿಸಲಿಲ್ಲ. 2019ರಲ್ಲಿ ಅದು ಬಾಗಿಲು ಮುಚ್ಚಿತು. ಆಹ್ವಾನದ ಮೇಲೆ ಬಂದವರು ಆಹ್ವಾನ ಮುಗಿದೊಡನೆ ಹೊರಡಬೇಕು.

ಸಾಲ ಕೊಟ್ಟವರ ತೀರ್ಪೂ ಕೊನೆಯ ಮಾತಲ್ಲ. ಬಾಂಗ್ಲಾದೇಶದ ಪದ್ಮಾ ಸೇತುವೆಗೆ ಒಪ್ಪಿದ್ದ 120 ಕೋಟಿ ಡಾಲರ್ ಸಾಲವನ್ನು ಲಂಚದ ಸಂಚಿನ ಆರೋಪದ ಮೇಲೆ ವಿಶ್ವಬ್ಯಾಂಕ್ 2012ರಲ್ಲಿ ರದ್ದುಗೊಳಿಸಿತು. ಅದಕ್ಕೆ ಸಂಬಂಧಿಸಿದ ಮೊಕದ್ದಮೆಯ ಆರೋಪಿಗಳನ್ನು ಕೆನಡಾದ ನ್ಯಾಯಾಲಯ 2017ರಲ್ಲಿ ಬಿಡುಗಡೆ ಮಾಡಿತು. ದೇಶ ತನ್ನ ಹಣದಿಂದಲೇ ಕಟ್ಟಿದ ಸೇತುವೆ 2022ರಲ್ಲಿ ಸಂಚಾರಕ್ಕೆ ತೆರೆಯಿತು. ಹಾಗೆಂದು ಸಾಲದಾತರ ಕಣ್ಗಾವಲು ವ್ಯರ್ಥವೆಂದು ನಾನು ಹೇಳಲಾರೆ. ವಂಚಿಸಿದ ಗುತ್ತಿಗೆದಾರರನ್ನು ವಿಶ್ವಬ್ಯಾಂಕ್ ತನ್ನ ಯೋಜನೆಗಳಿಂದ ಹೊರಗಿಟ್ಟು, ಅವರ ಹೆಸರನ್ನು ಪ್ರಕಟಿಸುತ್ತದೆ. 2010ರ ಒಪ್ಪಂದದಂತೆ ಏಷ್ಯನ್ ಅಭಿವೃದ್ಧಿ ಬ್ಯಾಂಕ್ ಸೇರಿ ಇತರ ನಾಲ್ಕು ಬ್ಯಾಂಕುಗಳೂ ಒಂದು ವರ್ಷಕ್ಕಿಂತ ಹೆಚ್ಚಿನ ನಿಷೇಧವನ್ನು ಸಾಮಾನ್ಯವಾಗಿ ಪಾಲಿಸುತ್ತವೆ. ದೊಡ್ಡ ಗುತ್ತಿಗೆದಾರರು ಜೈಲಿಗಿಂತ ಇದಕ್ಕೆ ಹೆಚ್ಚು ಅಂಜುತ್ತಾರೆ ಎಂಬುದು ನನ್ನ ಅನಿಸಿಕೆ.

ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಚಿಕ್ಕದು. ವಿಶ್ವಬ್ಯಾಂಕ್ ಹಣದ ಕಾಮಗಾರಿಯಲ್ಲಿ ವಂಚನೆಯಾದರೆ ಯಾರು ಬೇಕಾದರೂ ಅದರ ತನಿಖಾ ವಿಭಾಗಕ್ಕೆ ದೂರು ಕೊಡಬಹುದು. ಸರ್ಕಾರಿ ನೌಕರರ ಮೇಲಿನ ದೂರು ಲೋಕಾಯುಕ್ತಕ್ಕೆ ಹೋಗಬೇಕು. ಎರಡಕ್ಕೂ ಮೊದಲು ದಾಖಲೆ ಕೈಯಲ್ಲಿರಲಿ. ಹತ್ತು ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನ ಅರ್ಜಿ ಬರೆದು, ಅಂದಾಜು ಪಟ್ಟಿ, ಅಳತೆ ಪುಸ್ತಕ ಮತ್ತು ಬಿಲ್ಲಿನ ಪ್ರತಿಗಳನ್ನು ಕೇಳಿರಿ. 30 ದಿನಗಳೊಳಗೆ ಉತ್ತರ ಬರಬೇಕು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ, 150 ಪದಗಳ ಒಳಗಿರಬೇಕು. ಅಳತೆ ಪುಸ್ತಕವನ್ನು ಮರೆಯದೆ ಕೇಳಿರಿ: ಜಲ್ಲಿಯ ಲೆಕ್ಕ ಇರುವುದು ಅದರಲ್ಲಿ.