ಡ್ರೈವ್‌ವೇ ಸ್ನೋ ತೆಗೆಯೋಕೆ ಯಾವ ಸಲಿಕೆ ತಗೊಳ್ಳಲಿ?

ನೀವು ಕೇಳಿದ್ದು ಇಷ್ಟು. ಟೆಕ್ಸಸ್‌ನಿಂದ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ಗೆ ಬಂದಿದ್ದೀರಿ, ಎರಡು ಕಾರು ಅಕ್ಕಪಕ್ಕ ನಿಲ್ಲುವ ಡ್ರೈವ್‌ವೇ ಇರುವ ಮನೆ ತಗೊಂಡಿದ್ದೀರಿ, ಇದು ಮೊದಲ ಚಳಿಗಾಲ. ಅಂಗಡಿಯಲ್ಲಿ ಒಂದು ಗೋಡೆ ತುಂಬಾ ಸ್ನೋ ಶವೆಲ್ ನೇತುಹಾಕಿದ್ದು ನೋಡಿ ಬರಿಗೈಯಲ್ಲಿ ವಾಪಸ್ ಬಂದಿರಿ. ಮೆಷಿನ್‌ಗೆ ಈ ವರ್ಷ ದುಡ್ಡು ಹಾಕುವ ಮನಸ್ಸಿಲ್ಲ. ನೀವು ಐದಡಿ ಎರಡಿಂಚು, ನಿಮ್ಮ ಯಜಮಾನರಿಗೆ 52 ವರ್ಷ, ಬಿಪಿ ಮಾತ್ರೆ ತಗೋತಾರೆ.

ನಾನು ಇದೇ ಊರಿನಲ್ಲಿ ಹನ್ನೊಂದು ಚಳಿಗಾಲ ಕಳೆದಿದ್ದೇನೆ. ಇವತ್ತಿಗೂ ಕೈಯಲ್ಲೇ ತೆಗೆಯುತ್ತೇನೆ. ಹಾಗಾಗಿ ನೇರವಾಗಿ ಹೇಳ್ತೀನಿ: ಎರಡು ತಗೊಳ್ಳಿ. ತಳ್ಳೋದಕ್ಕೆ ಒಂದು, ಎತ್ತೋದಕ್ಕೆ ಒಂದು. ಒಂದೇ ಸಲಿಕೆಯಲ್ಲಿ ಎರಡೂ ಕೆಲಸ ಮುಗಿಸ್ತೀನಿ ಅಂತ ಹೊರಟವರು ಜನವರಿ ಹೊತ್ತಿಗೆ ಸೊಂಟಕ್ಕೆ ಬಿಸಿನೀರಿನ ಚೀಲ ಕಟ್ಟಿಕೊಂಡು ಮಲಗಿರುತ್ತಾರೆ. ಮೊದಲ ವರ್ಷ ನಾನೂ ಮಲಗಿದ್ದೆ.

ಯಾಕೆ ಅಂತ ಗೊತ್ತಾಗಬೇಕಾದರೆ ಒಂದು ಸಣ್ಣ ಲೆಕ್ಕ ಮಾಡಿ. ನಿಮ್ಮ ಡ್ರೈವ್‌ವೇ 50 ಅಡಿ ಉದ್ದ, 20 ಅಡಿ ಅಗಲ ಅಂದುಕೊಳ್ಳೋಣ. ಅದರ ಮೇಲೆ 6 ಇಂಚು ಸ್ನೋ ಬಿದ್ದರೆ 500 ಘನ ಅಡಿ ಆಯಿತು. ಹತ್ತು ಇಂಚು ಸ್ನೋ ಕರಗಿಸಿದರೆ ಒಂದು ಇಂಚು ನೀರು ಅನ್ನೋದು ಸಾಮಾನ್ಯ ಲೆಕ್ಕ. ಆ ಪ್ರಕಾರ ನಿಮ್ಮ ಮನೆ ಮುಂದೆ ಬಿದ್ದಿರೋದು ಸುಮಾರು 1400 ಕೆಜಿ. ಊರಿನ ಭಾಷೆಯಲ್ಲಿ ಹೇಳಬೇಕಂದ್ರೆ 28 ಮೂಟೆ ಸಿಮೆಂಟು. ಒಂಟಾರಿಯೋ ಸರೋವರದ ಕಡೆಯಿಂದ ಬರುವ ಪುಡಿ ಸ್ನೋ ಇದರ ಅರ್ಧದಷ್ಟೇ ತೂಗಬಹುದು, ಅರಳಿಟ್ಟಿನ ಹಾಗೆ ಹಾರುತ್ತೆ. ಆದರೆ ಮಾರ್ಚ್‌ನಲ್ಲಿ ಬೀಳುವ ಒದ್ದೆ ಸ್ನೋ ಇದರ ಎರಡರಷ್ಟು ಭಾರ. ಆಗ 56 ಮೂಟೆ. ನೋಡೋಕೆ ಎರಡೂ ಬೆಳ್ಳಗೇ ಇರುತ್ತವೆ, ಒಂದೇ ಎತ್ತರ ಇರುತ್ತವೆ. ಸಲಿಕೆ ಹಾಕಿದಾಗಲೇ ವ್ಯತ್ಯಾಸ ಗೊತ್ತಾಗೋದು. ಈ ಊರಿಗೆ ವರ್ಷಕ್ಕೆ ಸರಾಸರಿ 100 ಇಂಚಿನಷ್ಟು ಬೀಳುತ್ತೆ. ಅಷ್ಟು ಮೂಟೆಗಳನ್ನು ಎತ್ತಿ ಎಸೆಯೋದು ಬೇಡ. ಆದಷ್ಟೂ ತಳ್ಳಬೇಕು.

ನಾನು ಸಕಲೇಶಪುರದ ಕಡೆಯವನು. ನಮ್ಮಲ್ಲಿ ಕಣದಲ್ಲಿ ಕಾಫಿ ಒಣಗಿಸುವಾಗ ಉದ್ದ ಕೋಲಿಗೆ ಅಡ್ಡ ಹಲಗೆ ಹೊಡೆದಿರುವ ಸಾಮಾನಿನಿಂದ ಹರವುತ್ತಾರೆ, ಸಂಜೆ ಅದರಿಂದಲೇ ರಾಶಿಗೆ ತಳ್ಳುತ್ತಾರೆ. ಕಣದಲ್ಲಿ ಯಾರೂ ಬಗ್ಗಿ ಬುಟ್ಟಿ ಬುಟ್ಟಿ ಎತ್ತುತ್ತಾ ಕೂರಲ್ಲ. ಇಲ್ಲಿ ಪುಶರ್ ಅಂತ ಮಾರುವುದು ಹೆಚ್ಚುಕಡಿಮೆ ಅದೇ. ಬ್ಲೇಡ್ ಅಗಲ ಇರುತ್ತೆ, ಒಳಕ್ಕೆ ಬಾಗಿರುತ್ತೆ, ಅದರಿಂದ ಸ್ನೋ ಮುಂದಕ್ಕೆ ಉರುಳಿಕೊಂಡು ಹೋಗುತ್ತೆ. 24 ಇಂಚಿನದು, 30 ಇಂಚಿನದು, ಇನ್ನೂ ದೊಡ್ಡದು ಸಿಗುತ್ತವೆ. ನಿಮ್ಮಿಬ್ಬರಿಗೆ 24 ಸಾಕು. ದೊಡ್ಡದು ತಗೊಂಡರೆ ಬೇಗ ಮುಗಿಯುತ್ತೆ ಅನಿಸುತ್ತೆ, ಆದರೆ ಅರ್ಧ ಡ್ರೈವ್‌ವೇ ತಲುಪುವಷ್ಟರಲ್ಲಿ ಮುಂದೆ ಸೇರಿದ ರಾಶಿಯೇ ನಿಮ್ಮನ್ನು ವಾಪಸ್ ತಳ್ಳುತ್ತೆ.

ಎತ್ತುವ ಸಲಿಕೆ ಇದಕ್ಕೆ ಉಲ್ಟಾ. ಸಣ್ಣದಿರಬೇಕು. 18 ಇಂಚಿಗಿಂತ ಅಗಲ ಬೇಡ. ಸಲಿಕೆ ದೊಡ್ಡದಿದ್ದರೆ ನಾವು ತುಂಬಿಸದೆ ಬಿಡಲ್ಲ, ಅದು ಮನುಷ್ಯನ ಸ್ವಭಾವ.

ಬ್ಲೇಡ್ ಯಾವುದರದ್ದು ಅನ್ನೋ ವಿಷಯ. ಪ್ಲಾಸ್ಟಿಕ್ ಹಗುರ, ಸ್ನೋ ಕಡಿಮೆ ಅಂಟುತ್ತೆ, ಆದರೆ ಚಳಿ ಜಾಸ್ತಿಯಾದಾಗ ಪೆಡಸಾಗಿ ಸೀಳುತ್ತೆ. ಅಲ್ಯೂಮಿನಿಯಂ ಹಗುರ, ಗಟ್ಟಿ, ಆದರೆ ಕಾಂಕ್ರೀಟಿನ ಸಂದಿಗೆ ಬಡಿದು ಬಡಿದು ಅಂಚು ಸೊಟ್ಟಗಾಗುತ್ತೆ. ಸ್ಟೀಲ್ ಏನೇ ಆದರೂ ಜಗ್ಗಲ್ಲ, ಆದರೆ ಭಾರ. ನನ್ನ ಆಯ್ಕೆ: ಪುಶರ್ ಪ್ಲಾಸ್ಟಿಕ್‌ನದು, ತುದಿಗೆ ಲೋಹದ ಪಟ್ಟಿ ಇರುವಂಥದ್ದು. ಎತ್ತುವುದಕ್ಕೆ ಅಲ್ಯೂಮಿನಿಯಂ. ಮನೆ ಹಿಂದಿನ ಮರದ ಡೆಕ್ ಮೇಲೆ ಮಾತ್ರ ಲೋಹದ ಪಟ್ಟಿ ಬಳಸಬೇಡಿ, ಗೀರು ಬೀಳುತ್ತೆ.

ಅಂಗಡಿಗೆ ಹೋಗುವಾಗ ನಿಮ್ಮ ದಪ್ಪ ಗ್ಲೌಸ್ ತಗೊಂಡು ಹೋಗಿ. ತಮಾಷೆ ಮಾಡ್ತಿಲ್ಲ. ಹಿಡಿಯ ತುದಿಯಲ್ಲಿ ಇಂಗ್ಲಿಷಿನ ಡಿ ಅಕ್ಷರದ ಥರ ಒಂದು ಕೈಹಿಡಿ ಇರುತ್ತೆ. ಬರಿಗೈಯಲ್ಲಿ ಹಿಡಿದರೆ ಎಲ್ಲವೂ ಚೆನ್ನಾಗೇ ಇರುತ್ತವೆ. ಗ್ಲೌಸ್ ಹಾಕಿದಾಗ ಕೆಲವದರಲ್ಲಿ ಬೆರಳೇ ಒಳಗೆ ಹೋಗಲ್ಲ. ಆಮೇಲೆ ಅಲ್ಲೇ ನೇರ ನಿಂತು ಬ್ಲೇಡ್ ನೆಲಕ್ಕೆ ಇಟ್ಟು ನೋಡಿ, ಹಿಡಿ ನಿಮ್ಮ ಎದೆಯ ಮಟ್ಟಕ್ಕೆ ಬರಬೇಕು. ನಿಮಗೂ ನಿಮ್ಮ ಯಜಮಾನರಿಗೂ ಎತ್ತರದಲ್ಲಿ ತುಂಬಾ ವ್ಯತ್ಯಾಸ ಇದ್ದರೆ ಎತ್ತುವ ಸಲಿಕೆ ಒಬ್ಬೊಬ್ಬರಿಗೆ ಒಂದೊಂದು ತಗೊಳ್ಳಿ, ಅದೇನು ಲಕ್ಷ ರೂಪಾಯಿ ಸಾಮಾನಲ್ಲ. ಮಧ್ಯದಲ್ಲಿ ಬಾಗಿದ ಹಿಡಿಯದ್ದೂ ಕಾಣಿಸುತ್ತೆ. ಬೆನ್ನು ಕಡಿಮೆ ಬಗ್ಗುತ್ತೆ ಅನ್ನೋದು ನಿಜ. ನನಗೆ ಮಾತ್ರ ಅದರಲ್ಲಿ ಎಸೆಯುವಾಗ ಸಲಿಕೆ ಕೈಯಲ್ಲಿ ತಿರುಗಿದ ಹಾಗಾಗಿ ಸ್ನೋ ಅರ್ಧ ನನ್ನ ಬೂಟಿನೊಳಗೇ ಬೀಳುತ್ತಿತ್ತು. ಅಂಗಡಿಯಲ್ಲೇ ಎರಡು ಸಲ ಎಸೆದ ಹಾಗೆ ಮಾಡಿ ನೋಡಿ. ಯಾರೂ ನಗಲ್ಲ.

ಈಗ ಯಾರೂ ಮೊದಲೇ ಹೇಳದ ವಿಷಯ: ಪ್ಲೋ ಲಾರಿ.

ನನ್ನ ಮೊದಲ ದೊಡ್ಡ ಸ್ನೋ. ಬೆಳಗ್ಗೆ ಐದೂವರೆಗೆ ಎದ್ದು ಒಂದೂವರೆ ಗಂಟೆ ಕೆಲಸ ಮಾಡಿದೆ. ಡ್ರೈವ್‌ವೇ ಸಾರಿಸಿದ ಅಂಗಳದ ಹಾಗೆ ಕಾಣುತ್ತಿತ್ತು. ರಂಗೋಲಿ ಒಂದು ಬಾಕಿ. ಫೋಟೋ ತೆಗೆದು ಅಮ್ಮನಿಗೆ ಕಳಿಸಿದೆ, ಒಳಗೆ ಹೋಗಿ ಕಾಫಿ ಸೋಸಿದೆ. ಅಷ್ಟರಲ್ಲಿ ಗಡಗಡ ಸದ್ದು. ಕಿಟಕಿಯಿಂದ ನೋಡಿದರೆ ರಸ್ತೆ ಸ್ನೋ ತಳ್ಳುವ ಲಾರಿ ಹೋಗಿತ್ತು, ನನ್ನ ಡ್ರೈವ್‌ವೇ ಬಾಯಿಗೆ ಅಡ್ಡಲಾಗಿ ಎರಡಡಿ ಎತ್ತರದ ಬದು ಹಾಕಿ ಹೋಗಿತ್ತು. ಅದು ಬಿದ್ದ ಸ್ನೋ ಥರ ಇರಲ್ಲ. ರಸ್ತೆಯ ಉಪ್ಪು ನೀರು, ಕೆಸರು, ಐಸ್ ಗಡ್ಡೆ ಎಲ್ಲ ಸೇರಿ ಒತ್ತಿದ್ದು. ಅರ್ಧ ಗಂಟೆ ಬಿಟ್ಟರೆ ಕಲ್ಲು. ನಾನು ಸಿಟ್ಟಿನಲ್ಲಿ ಪ್ಲಾಸ್ಟಿಕ್ ಸಲಿಕೆ ಎತ್ತಿ ಒಂದು ಬಡಿದೆ. ಬ್ಲೇಡ್ ಮಧ್ಯಕ್ಕೆ ಸೀಳಿ ಎರಡು ಹೋಳಾಯಿತು. ಎದುರು ಮನೆಯ ಎಪ್ಪತ್ತು ದಾಟಿದ ಯಜಮಾನರು ಇದನ್ನೆಲ್ಲ ನೋಡುತ್ತಿದ್ದರು ಅಂತ ಕಾಣುತ್ತೆ. ಚೌಕ ಮೂತಿಯ ಹಳೇ ಸ್ಟೀಲ್ ಸಲಿಕೆ ಹಿಡಿದು ರಸ್ತೆ ದಾಟಿ ಬಂದರು. ಬದುವನ್ನು ಮೇಲಿಂದ ಕೆಳಕ್ಕೆ ಮೈಸೂರ್ ಪಾಕ್ ಥರ ಗೆರೆ ಹಾಕಿ ಕತ್ತರಿಸಿದರು. ಒಂದೊಂದೇ ಬಿಲ್ಲೆ ಎಬ್ಬಿಸಿ ಪಕ್ಕಕ್ಕೆ ಜಾರಿಸಿದರು. ಒಂದನ್ನೂ ಸೊಂಟದ ಮೇಲಕ್ಕೆ ಎತ್ತಲಿಲ್ಲ.

ಮುಗಿದ ಮೇಲೆ ಅವರು ಹೇಳಿಕೊಟ್ಟ ಒಂದು ಉಪಾಯ ನಿಮಗೂ ಹೇಳ್ತೀನಿ. ರಸ್ತೆಗೆ ಮುಖ ಮಾಡಿ ನಿಲ್ಲಿ. ಇಲ್ಲಿ ವಾಹನ ಬಲಕ್ಕೆ ಓಡೋದರಿಂದ ನಿಮ್ಮ ಬದಿಯ ಪ್ಲೋ ಲಾರಿ ಎಡಗಡೆಯಿಂದ ಬರುತ್ತೆ. ಅದು ಬರುವ ಮುಂಚೆ ಡ್ರೈವ್‌ವೇಯ ಎಡಕ್ಕೆ, ರಸ್ತೆ ಅಂಚಿನಲ್ಲಿ, ಹತ್ತು ಹದಿನೈದು ಅಡಿ ಉದ್ದದ ಜಾಗ ಖಾಲಿ ಮಾಡಿಡಿ. ಲಾರಿಯ ಬ್ಲೇಡಿನಲ್ಲಿರುವ ಸ್ನೋ ಬಹುಪಾಲು ಆ ಖಾಲಿ ಜಾಗಕ್ಕೆ ಉದುರುತ್ತೆ, ನಿಮ್ಮ ಡ್ರೈವ್‌ವೇ ಬಾಯಿಗೆ ಬೀಳೋದು ಕಡಿಮೆಯಾಗುತ್ತೆ. ರಸ್ತೆ ಅಂಚಿನ ಹತ್ತಿರ ನೀವು ತೆಗೆದ ಸ್ನೋ ಬಲಗಡೆಗೆ ಹಾಕಿ. ಎಡಕ್ಕೆ ಹಾಕಿದರೆ ಲಾರಿ ಅದನ್ನೂ ತಂದು ನಿಮಗೇ ಕೊಡುತ್ತೆ. ಊರಿನಲ್ಲಿ ಎಡಕ್ಕೆ ಓಡಿಸಿ ಅಭ್ಯಾಸ ಇರೋ ನನಗೆ ಇದು ತಲೆಗೆ ಹತ್ತೋಕೆ ಎರಡು ವರ್ಷ ಬೇಕಾಯಿತು. ಹಾಗಂತ ರಸ್ತೆಗೆ ಮಾತ್ರ ತಳ್ಳಬೇಡಿ. ನ್ಯೂಯಾರ್ಕ್ ರಾಜ್ಯದಲ್ಲಿ ಅದು ಕಾನೂನಿಗೆ ವಿರುದ್ಧ.

ಕೆಲಸದ ಕ್ರಮ ಸುಲಭ. ಕಾರು ಹತ್ತಿಸುವ ಮುಂಚೆ ತೆಗೆಯಿರಿ, ಟೈರ್ ತುಳಿದ ಸ್ನೋ ನೆಲಕ್ಕೆ ಕಚ್ಚಿ ಐಸ್ ಆಗುತ್ತೆ. ಮಧ್ಯದಿಂದ ಶುರು ಮಾಡಿ ಎರಡೂ ಪಕ್ಕಕ್ಕೆ ತಳ್ಳಿ. ನವೆಂಬರ್ ಡಿಸೆಂಬರಿನಲ್ಲಿ ಸ್ವಲ್ಪ ಜಾಸ್ತಿ ದೂರ ತಳ್ಳಿ, ಯಾಕಂದ್ರೆ ಪಕ್ಕದಲ್ಲಿ ಏಳುವ ಸ್ನೋ ಗೋಡೆಗಳು ಮಾರ್ಚ್‌ವರೆಗೂ ಅಲ್ಲೇ ಇರುತ್ತವೆ, ಫೆಬ್ರವರಿಯಲ್ಲಿ ಹಾಕೋಕೆ ಜಾಗವೇ ಇರಲ್ಲ. ದೊಡ್ಡ ಸ್ನೋ ಬೀಳುತ್ತಿದ್ದರೆ ನಿಲ್ಲಲಿ ಅಂತ ಕಾಯಬೇಡಿ. ಮೂರ್ನಾಲ್ಕು ಇಂಚಿಗೆ ಒಂದು ಸಲ ಹೋಗಿ ತಳ್ಳಿ ಬನ್ನಿ. ಎತ್ತಲೇಬೇಕಾದಾಗ ಮಂಡಿ ಬಗ್ಗಿಸಿ, ಒಂದು ಕೈ ಬ್ಲೇಡಿನ ಹತ್ತಿರ ಇರಲಿ, ಎಸೆಯುವ ಕಡೆಗೆ ಪಾದವನ್ನೇ ತಿರುಗಿಸಿ. ಕಾಲು ನೆಟ್ಟು ಸೊಂಟ ತಿರುಚಿ ಹೆಗಲ ಹಿಂದಕ್ಕೆ ಎಸೆದಿರೋ, ಬೆನ್ನು ಹಿಡಿಯೋದು ಅಲ್ಲೇ. ಆಗಾಗ ಕೈ ಬದಲಾಯಿಸಿ. ಸ್ನೋ ಬ್ಲೇಡಿಗೆ ಅಂಟುತ್ತಿದ್ದರೆ ಅಡುಗೆಗೆ ಬಳಸುವ ಎಣ್ಣೆ ಸ್ಪ್ರೇ ಹೊಡೆದುಕೊಳ್ಳಿ, ಕಾವಲಿಗೆ ಎಣ್ಣೆ ಸವರಿದ ಹಾಗೆ. ನೀರುದೋಸೆ ಎದ್ದ ಹಾಗೆ ಏಳುತ್ತೆ.

ಯಜಮಾನರ ಬಿಪಿ ವಿಷಯವನ್ನು ಹಗುರವಾಗಿ ತಗೋಬೇಡಿ. ಚಳಿಗೆ ರಕ್ತನಾಳ ಬಿಗಿಯುತ್ತೆ, ಎತ್ತುವಾಗ ನಾವು ಗೊತ್ತಿಲ್ಲದೆ ಉಸಿರು ಕಟ್ಟುತ್ತೇವೆ, ಕೆಲಸ ಪೂರ್ತಿ ತೋಳಿನದು. ಮೂರೂ ಸೇರಿ ಬಿಪಿ ಮತ್ತು ಎದೆಬಡಿತ ಒಮ್ಮೆಗೇ ಏರುತ್ತವೆ. 2022ರ ನವೆಂಬರಿನಲ್ಲಿ ನಮ್ಮ ಪಕ್ಕದ ಬಫಲೋ ಕಡೆ, ಆರ್ಚರ್ಡ್ ಪಾರ್ಕ್ ಸುತ್ತ, ಆರಡಿಗೂ ಜಾಸ್ತಿ ಬಿತ್ತಲ್ಲ, ಆಗಲೂ ಸ್ನೋ ತೆಗೆಯುತ್ತಿದ್ದವರು ಹೃದಯದ ತೊಂದರೆಯಿಂದ ಸತ್ತರು. ನಿಮ್ಮ ಯಜಮಾನರು ಡಾಕ್ಟರನ್ನು ಒಂದು ಮಾತು ಕೇಳಲಿ. ಕೇಳುವವರೆಗೂ ಪ್ಲೋ ಹಾಕಿದ ಬದುವಿನ ತಂಟೆಗೆ ಹೋಗೋದು ಬೇಡ. ಎದ್ದ ತಕ್ಷಣ, ಊಟ ಆದ ತಕ್ಷಣ ಹೋಗೋದೂ ಬೇಡ. ಹತ್ತು ಹದಿನೈದು ನಿಮಿಷಕ್ಕೆ ಒಂದು ಸಲ ನಿಂತು ಉಸಿರು ತಗೊಳ್ಳಲಿ. ಎದೆ ಬಿಗಿದರೆ, ತೋಳು ಅಥವಾ ದವಡೆ ನೋವು ಬಂದರೆ, ತಲೆ ಸುತ್ತಿದರೆ, ಇನ್ನೊಂದು ಸಾಲು ಮುಗಿಸಿಬಿಡ್ತೀನಿ ಅನ್ನಬಾರದು. ಅಲ್ಲೇ ಬಿಟ್ಟು 911ಕ್ಕೆ ಫೋನ್ ಮಾಡಬೇಕು. ಬೀದಿಯಲ್ಲಿ ಹೈಸ್ಕೂಲ್ ಹುಡುಗರು ಯಾರಾದರೂ ಇರ್ತಾರೆ, ದುಡ್ಡು ಕೊಟ್ಟರೆ ಮಾಡಿಕೊಡ್ತಾರೆ. ಅದರಲ್ಲಿ ಮರ್ಯಾದೆ ಹೋಗೋದು ಏನೂ ಇಲ್ಲ.

ಬಟ್ಟೆಯ ವಿಷಯ: ದಪ್ಪನೆಯ ಒಂದೇ ಜಾಕೆಟ್ ಹಾಕಬೇಡಿ. ಹತ್ತು ನಿಮಿಷದಲ್ಲಿ ಬೆವರಿ, ನಿಂತಾಗ ನಡುಗ್ತೀರಿ. ತೆಳುವಾದವು ಎರಡು ಮೂರು ಹಾಕಿ, ಒಂದೊಂದೇ ಬಿಚ್ಚಿ. ತಲೆಗೆ ನಮ್ಮ ಮಂಕಿ ಕ್ಯಾಪ್‌ಗೆ ಸಮ ಇನ್ನೊಂದಿಲ್ಲ. ಊಟಿಗೆ ಹೋದಾಗ ಅಪ್ಪ ಹಾಕಿಕೊಂಡರೆ ನಾಚಿಕೆಪಡುತ್ತಿದ್ದ ನಾನು ಈಗ ಬಲಮುರಿ ಗಣಪತಿಗೆ ನಡೆದುಕೊಂಡ ಹಾಗೆ ಅದಕ್ಕೆ ನಡೆದುಕೊಳ್ಳುತ್ತೇನೆ.

ಡ್ರೈವ್‌ವೇ ಮುಗಿಯಿತು ಅಂತ ಒಳಗೆ ಹೋಗುವ ಮುಂಚೆ ಮನೆ ಸುತ್ತ ಒಂದು ಸುತ್ತು ಹಾಕಿ. ಮನೆ ಬೆಚ್ಚಗಿಡುವ ಫರ್ನೇಸಿನ ಗಾಳಿ ಮತ್ತು ಹೊಗೆ ಹೋಗುವ ಬಿಳಿ ಪೈಪು ಕೆಲವು ಮನೆಗಳಲ್ಲಿ ಪಕ್ಕದ ಗೋಡೆಯಿಂದ ಹೊರಬಂದಿರುತ್ತೆ. ಅದರ ಬಾಯಿ ಸ್ನೋದಲ್ಲಿ ಮುಚ್ಚಿಹೋದರೆ ಫರ್ನೇಸ್ ನಿಂತುಹೋಗಬಹುದು, ಇಲ್ಲವೇ ಕಾರ್ಬನ್ ಮಾನಾಕ್ಸೈಡ್ ಮನೆಯೊಳಗೇ ಸೇರಬಹುದು. ಆ ವಿಷಗಾಳಿಗೆ ವಾಸನೆ ಇಲ್ಲ. ಪೈಪಿನ ಹತ್ತಿರ ಲೋಹದ ಸಲಿಕೆಯಲ್ಲಿ ಗುದ್ದಬೇಡಿ, ಕೈಯಲ್ಲೇ ಬಿಡಿಸಿ. ಗ್ಯಾಸ್ ಮೀಟರ್‌ಗೂ ಅದೇ ಮಾತು. ಕಾರು ಸ್ಟಾರ್ಟ್ ಮಾಡುವ ಮುಂಚೆ ಸೈಲೆನ್ಸರ್ ಬಾಯಿ ಸಹ ನೋಡಿಕೊಳ್ಳಿ.

ಉಪ್ಪು ಕೊನೆಯಲ್ಲಿ, ಸ್ವಲ್ಪವೇ. ಜನ ಕೋಳಿಗೆ ಕಾಳು ಎರಚಿದ ಹಾಗೆ ಎರಚುತ್ತಾರೆ, ಸುಮ್ನೆ ದಂಡ. ಒಂದು ದೊಡ್ಡ ಕಾಫಿ ಮಗ್‌ನಷ್ಟು ಉಪ್ಪು 20 ಅಡಿ ಉದ್ದದ ಡ್ರೈವ್‌ವೇಗೆ ಸಾಕು. ಮಾಮೂಲಿ ಕಲ್ಲುಪ್ಪು ಸೊನ್ನೆಗಿಂತ ಹತ್ತು ಡಿಗ್ರಿ ಸೆಲ್ಸಿಯಸ್ ಕೆಳಗೆ ಹೋದರೆ ಹೆಚ್ಚು ಕೆಲಸ ಮಾಡಲ್ಲ. ಅಂಥ ದಿನ ಮರಳು ಹಾಕಿ, ಕಾಲು ಜಾರದಿದ್ದರೆ ಸಾಕು ಅಲ್ವಾ.

ಆಮೇಲೆ ನಾಳೆಯೇ ಹೋಗಿ ತಗೊಳ್ಳಿ. ಸ್ನೋ ಬರುತ್ತೆ ಅಂತ ಟಿವಿಯಲ್ಲಿ ಹೇಳಿದ ಸಂಜೆ ಹೋದರೆ ಆ ಗೋಡೆಯಲ್ಲಿ ಮಕ್ಕಳ ಸಲಿಕೆ ಮಾತ್ರ ಉಳಿದಿರುತ್ತೆ. ಅಂಥದ್ದೊಂದು ಈಗಲೇ ತಗೊಂಡು ಕಾರಿನ ಡಿಕ್ಕಿಯಲ್ಲಿ ಹಾಕಿಡಿ, ಆಫೀಸಿನ ಪಾರ್ಕಿಂಗ್‌ನಲ್ಲಿ ಬೇಕಾಗುತ್ತೆ.